ಒಂದು ಬಡಾವಣೆಯಲ್ಲಿ ಬಾಡಿಗೆ ಮನೆಗಳೆಷ್ಟು ಎಂದು ತಿಳಿಯುವುದು ಹೇಗೆ?

ಕಾರವಾರದ ಕಾಜುಬಾಗದಲ್ಲಿ ಮನೆ ಕೊಳ್ಳುವ ಯೋಚನೆಯಲ್ಲಿರುವ ತಾವು, ಆ ಭಾಗದಲ್ಲಿ ಎಷ್ಟು ಮನೆಗಳು ಬಾಡಿಗೆಗೆ ಹೋಗಿವೆ, ಎಷ್ಟರಲ್ಲಿ ಮಾಲೀಕರೇ ವಾಸವಾಗಿದ್ದಾರೆ ಎಂಬ ಲೆಕ್ಕ ಯಾವ ಕಚೇರಿಯಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅಂಥ ಲೆಕ್ಕವನ್ನು ಓಣಿವಾರು ಬರೆದಿಟ್ಟುಕೊಂಡ ಕಚೇರಿ ಯಾವುದೂ ಇಲ್ಲ. ಆದರೆ ಮೂರು ನಾಲ್ಕು ಕಡೆ ಚದುರಿರುವ ಮಾಹಿತಿಯನ್ನು ಒಟ್ಟುಗೂಡಿಸಿ, ಒಂದೆರಡು ಭಾನುವಾರ ಕಾಲ್ನಡಿಗೆಯಲ್ಲಿ ಸುತ್ತಿದರೆ, ಮನೆ ಕೊಳ್ಳುವ ನಿರ್ಧಾರಕ್ಕೆ ಸಾಕಾಗುವಷ್ಟು ನಂಬಲರ್ಹವಾದ ಅಂದಾಜು ಕೈಗೆ ಬರುತ್ತದೆ. ಶಿಕ್ಷಕನಾಗಿದ್ದಾಗ ಜನಗಣತಿಯ ಮನೆಪಟ್ಟಿ ಕೆಲಸ ಮಾಡಿದ ಅನುಭವದ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ.

ಮೊದಲು ತಾವು ಎಣಿಸಲು ಹೊರಟಿರುವುದು ಏನನ್ನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕೆಳಗೆ ಮಾಲೀಕರು, ಮೇಲಿನ ಅಂತಸ್ತಿನಲ್ಲಿ ಎರಡು ಬಾಡಿಗೆ ಸಂಸಾರಗಳು ಇರುವ ಕಟ್ಟಡ ನಮ್ಮಲ್ಲಿ ತೀರ ಸಾಮಾನ್ಯ. ಅದನ್ನು ಕಟ್ಟಡವೆಂದು ಎಣಿಸಿದರೆ ‘ಮಾಲೀಕರಿರುವ ಮನೆ’ ಒಂದು. ಕುಟುಂಬಗಳೆಂದು ಎಣಿಸಿದರೆ ಮೂರರಲ್ಲಿ ಎರಡು ಬಾಡಿಗೆಯವು. ಜನಗಣತಿಯವರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದ್ದಾರೆ. ರಸ್ತೆಯಿಂದಲೋ, ಅಂಗಳದಿಂದಲೋ, ಮೆಟ್ಟಿಲಿನಿಂದಲೋ ಪ್ರತ್ಯೇಕ ಮುಖ್ಯ ಬಾಗಿಲುಳ್ಳ ಭಾಗವೊಂದು ಅವರ ಲೆಕ್ಕದಲ್ಲಿ ಒಂದು ‘ಮನೆ’. ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ‘ಕುಟುಂಬ’. ಸ್ವಂತದ್ದೋ ಬಾಡಿಗೆಯದೋ ಎಂಬ ಪ್ರಶ್ನೆಯನ್ನು ಅವರು ಕುಟುಂಬಕ್ಕೆ ಕೇಳುತ್ತಾರೆ, ಕಟ್ಟಡಕ್ಕಲ್ಲ. ತಾವೂ ಕುಟುಂಬವನ್ನೇ ಹಿಡಿಯಿರಿ. ನೆರೆಹೊರೆಯ ಸ್ವಭಾವವನ್ನು ತಿಳಿಸುವುದು ಅದೇ.

ಸಾರ್ವಜನಿಕವಾಗಿ ಸಿಗುವ ಅಂಕಿಗಳಲ್ಲಿ ಅತ್ಯಂತ ಸಣ್ಣ ಪ್ರದೇಶದವರೆಗೆ ಇಳಿಯುವುದು 2011ರ ಜನಗಣತಿಯ ಮನೆಪಟ್ಟಿ. ಗಣತಿ ಇಲಾಖೆಯ ಜಾಲತಾಣದಲ್ಲಿ ಪಟ್ಟಣಗಳಿಗೆ ವಾರ್ಡುವಾರು, ಹಳ್ಳಿಗಳಿಗೆ ಗ್ರಾಮವಾರು ಕೋಷ್ಟಕಗಳಿದ್ದು, ಅವುಗಳಲ್ಲಿ ‘ಸ್ವಂತ’, ‘ಬಾಡಿಗೆ’, ‘ಇತರೆ’ ಎಂಬ ಮೂರು ಕಾಲಂಗಳಲ್ಲಿ ಕುಟುಂಬಗಳ ಶೇಕಡಾವಾರು ಪ್ರಮಾಣವನ್ನು ಕೊಡಲಾಗಿದೆ. ಹೋಲಿಕೆಗೆ ಬೇಕಾದರೆ, ಇಡೀ ದೇಶದ ನಗರ ಪ್ರದೇಶಗಳಲ್ಲಿ ಆಗ ಬಾಡಿಗೆಯಲ್ಲಿದ್ದ ಕುಟುಂಬಗಳು ಶೇ. 27.5, ಗ್ರಾಮೀಣ ಪ್ರದೇಶಗಳಲ್ಲಿ ಶೇ. 3.4 ಮಾತ್ರ. ಕಾಜುಬಾಗದ ವಾರ್ಡಿನ ಅಂಕಿ ಇವೆರಡರ ಹೋಲಿಕೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡರೆ ಒಂದು ಹಿನ್ನೆಲೆ ಸಿಕ್ಕಂತಾಗುತ್ತದೆ. ಆದರೆ 2011ರದ್ದೆಂದು ಕರೆಯುವ ಈ ಮನೆಪಟ್ಟಿಯನ್ನು ನಾವು ಬರೆದದ್ದು 2010ರಲ್ಲಿ. ಆಗಿನಿಂದ ಈಚೆಗೆ ಎಷ್ಟೋ ಹಂಚಿನ ಮನೆಗಳು ಮೂರಂತಸ್ತಿನ ಆರ್‌ಸಿಸಿ ಕಟ್ಟಡಗಳಾಗಿವೆ. ಆಗಿನ ವಾರ್ಡಿನ ಗಡಿ, ಸಂಖ್ಯೆಗಳು ಈಗಲೂ ಹಾಗೆಯೇ ಇವೆ ಎಂದು ಭಾವಿಸದೆ ನಕ್ಷೆಯನ್ನು ಹೋಲಿಸಿ ನೋಡಬೇಕು. ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ; ಅದರ ವಾರ್ಡುವಾರು ಕೋಷ್ಟಕ ಹೊರಬರುವ ತನಕ ಈ ಹಳೆಯದೇ ಗತಿ. ಇನ್ನು, ಯಾವ ಮನೆಯವರು ಏನೆಂದು ಬರೆಸಿದರು ಎಂಬುದನ್ನು ಯಾರಿಂದಲೂ ಪಡೆಯಲಾಗದು. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಬಿಡಿ ದಾಖಲೆಗಳ ಪರಿಶೀಲನೆಯನ್ನೇ ನಿಷೇಧಿಸಿದೆ.

ನಗರಸಭೆಯಲ್ಲಿ ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ದಾಖಲೆ ಇರುತ್ತದೆಯಲ್ಲ ಎಂದು ತಾವು ಕೇಳಬಹುದು. ಇರುತ್ತದೆ, ಆದರೆ ಅದು ಆಸ್ತಿ ಯಾರದ್ದು ಎಂಬುದನ್ನು ಹೇಳುವ ದಾಖಲೆ, ಒಳಗೆ ಯಾರಿದ್ದಾರೆ ಎಂಬುದನ್ನು ಹೇಳುವುದಲ್ಲ. ಅಲ್ಲಿಂದ ತಾವು ಪಡೆಯಬಹುದಾದ ಉಪಯುಕ್ತ ಅಂಕಿಯೆಂದರೆ ವಾರ್ಡಿನ ಒಟ್ಟು ವಸತಿ ಆಸ್ತಿಗಳ ಸಂಖ್ಯೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳ ಒಳಗಿರಬೇಕು. ಸಂಖ್ಯೆಯನ್ನಷ್ಟೇ ಕೇಳಿ, ಹೆಸರುಗಳನ್ನು ಕೇಳಿದರೆ ವೈಯಕ್ತಿಕ ಮಾಹಿತಿಯೆಂದು 8(1)(ಜೆ) ಕಲಮಿನಡಿ ತಿರಸ್ಕರಿಸುವ ಸಂಭವವೇ ಹೆಚ್ಚು. ಅನುಮೋದಿತ ಆಸ್ತಿಗಳ ‘ಎ’ ವಹಿ ಮತ್ತು ಅನುಮೋದನೆಯಿಲ್ಲದವುಗಳ ‘ಬಿ’ ವಹಿ ಎರಡರ ಸಂಖ್ಯೆಯನ್ನೂ ಕೇಳಲು ಮರೆಯಬೇಡಿ; ಇಲ್ಲವಾದರೆ ಅನುಮೋದನೆಯಿಲ್ಲದೆ ಎದ್ದ ಬಡಾವಣೆಗಳ ಮನೆಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಕಚೇರಿ ತನ್ನಲ್ಲಿರುವ ಮಾಹಿತಿಯನ್ನು ಕೊಡಬೇಕೇ ಹೊರತು ತಮಗಾಗಿ ಹೊಸ ಸಮೀಕ್ಷೆ ಮಾಡಿ ಕೊಡಬೇಕಾಗಿಲ್ಲ ಎಂಬುದೂ ನೆನಪಿರಲಿ.

ಉಪನೋಂದಣಿ ಕಚೇರಿಗೆ ಹೋಗುವ ಶ್ರಮ ಬೇಡ. ಒಂದು ವರ್ಷಕ್ಕೆ ಮೀರಿದ ಗೇಣಿ (ಲೀಸ್) ಕರಾರುಗಳನ್ನು ಮಾತ್ರ ಕಡ್ಡಾಯವಾಗಿ ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೆ ಆಗುವುದು ಅದಕ್ಕಾಗಿಯೇ. ಎಷ್ಟೋ ಮನೆಗಳಲ್ಲಿ ಆ ಛಾಪಾ ಕಾಗದವೂ ಇರುವುದಿಲ್ಲ, ಬಾಯಿಮಾತಿನಲ್ಲೇ ವ್ಯವಹಾರ ಮುಗಿದಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಗೋಡೆಯ ಮೇಲಿನ ಕರೆಂಟ್ ಮೀಟರುಗಳು. ಪ್ರತಿ ಮೀಟರಿಗೂ ಹೆಸ್ಕಾಂನ ಆರ್‌ಆರ್ ಸಂಖ್ಯೆ ಇರುತ್ತದೆ, ಮತ್ತು ಈಚಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಅಡುಗೆಮನೆಗೊಂದರಂತೆ ಮೀಟರು ಇರುತ್ತದೆ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ವಾಡಿಕೆ ಬಲವಾಗಿದೆ. ತಿಂಗಳಿಗೆ 200 ಯೂನಿಟ್‌ಗಳ ಮಿತಿಯೊಳಗಿನ ಆ ಸೌಲಭ್ಯವನ್ನು ಬಾಡಿಗೆದಾರರೂ ಪಡೆಯಬಹುದು. ಒಬ್ಬ ಮಾಲೀಕನ ಹೆಸರಿನಲ್ಲಿ ಹಲವು ಮೀಟರುಗಳಿದ್ದರೆ ಅವನಿಗೆ ಒಂದಕ್ಕಷ್ಟೇ ಸಿಗುತ್ತದೆ. ಹೀಗಾಗಿ ಮೇಲಿನ ಮನೆಯವರು ‘ನಮಗೆ ಬೇರೆ ಮೀಟರು ಹಾಕಿಸಿಕೊಡಿ’ ಎಂದು ಕೇಳುವುದು ಸಹಜ. ಗೇಟಿನೊಳಗೆ ನಾಲ್ಕು ಮೀಟರು ಕಂಡರೆ, ಅಣ್ಣತಮ್ಮಂದಿರು ಹಿಸ್ಸೆಯಾಗಿ ಬೇರೆ ಬೇರೆ ಇರುವ ಮನೆಯಲ್ಲದಿದ್ದಲ್ಲಿ, ಮೂರು ಬಾಡಿಗೆಯವೆಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಹಳೆಯ ಮನೆಗಳಲ್ಲಿ ಮಾತ್ರ ಒಂದೇ ಮೀಟರಿನಿಂದ ಸಬ್‌ಮೀಟರು ಎಳೆದಿರುತ್ತಾರೆ. ಅವುಗಳನ್ನು ಕೇಳಿಯೇ ತಿಳಿಯಬೇಕು. ಓಣಿಯ ಒಟ್ಟು ಮೀಟರುಗಳಲ್ಲಿ ಅಂಗಡಿ, ಬೋರ್‌ವೆಲ್, ಮೆಟ್ಟಿಲಿನ ದೀಪಗಳವನ್ನು ಕಳೆದರೆ ಕುಟುಂಬಗಳ ಒಟ್ಟು ಸಂಖ್ಯೆ ಹತ್ತಿರಹತ್ತಿರ ಸಿಗುತ್ತದೆ.

ಮತದಾರರ ಪಟ್ಟಿಯನ್ನು ಹಲವರು ಸೂಚಿಸುತ್ತಾರೆ. ಮನೆ ಸಂಖ್ಯೆಯೊಂದಿಗೆ ಹೆಸರುಗಳು ಅದರಲ್ಲಿರುತ್ತವೆ ಎಂಬುದು ನಿಜ, ಆದರೆ ವರ್ಗವಾಗಿ ಬಂದವರು ಹೆಚ್ಚಾಗಿ ತಮ್ಮ ಸ್ವಂತ ಊರಿನ ಪಟ್ಟಿಯಲ್ಲೇ ಹೆಸರು ಉಳಿಸಿಕೊಂಡಿರುತ್ತಾರೆ. ಬಾಡಿಗೆದಾರರನ್ನೇ ಹುಡುಕುವ ಕೆಲಸಕ್ಕೆ ಬಹುಪಾಲು ಬಾಡಿಗೆದಾರರೇ ಇಲ್ಲದ ಪಟ್ಟಿ ಹೆಚ್ಚೇನೂ ನೆರವಾಗುವುದಿಲ್ಲ.

ಕೊನೆಗೆ ಉಳಿಯುವುದು ನಡೆದು ನೋಡುವ ಕೆಲಸ. ಗಡಿಯನ್ನು ಮೊದಲೇ ಕಾಗದದ ಮೇಲೆ ಗುರುತಿಸಿಕೊಳ್ಳಿ. ಇಂಥ ಅಡ್ಡರಸ್ತೆಯಿಂದ ಇಂಥ ಅಡ್ಡರಸ್ತೆಯವರೆಗೆ ಎಂದು ನಿಶ್ಚಯವಾಗದಿದ್ದರೆ ಲೆಕ್ಕ ಬೇಕಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲ ಮನೆಗಳನ್ನೂ ವಿಚಾರಿಸಲು ಆಗದಿದ್ದರೆ ಸಾಲಿನಲ್ಲಿ ಮೂರಕ್ಕೊಂದು ಮನೆಯಂತೆ ಆರಿಸಿ, ಮತ್ತು ಆರಿಸಿದ ಮನೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಜಿಗಿಯದೆ ಅದನ್ನೇ ವಿಚಾರಿಸಿ. ಗಂಡ ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಬಾಡಿಗೆ ಮನೆಗಳೇ ಹಗಲಿನಲ್ಲಿ ಹೆಚ್ಚಾಗಿ ಮುಚ್ಚಿರುವುದರಿಂದ, ತೆರೆದ ಬಾಗಿಲುಗಳನ್ನಷ್ಟೇ ಎಣಿಸಿದರೆ ಮಾಲೀಕರ ಪ್ರಮಾಣ ಸುಳ್ಳಾಗಿ ಏರುತ್ತದೆ. ಉದಾಹರಣೆಗೆ, 120 ಕುಟುಂಬಗಳ ಪ್ರದೇಶದಲ್ಲಿ 40ನ್ನು ಹೀಗೆ ಆರಿಸಿ ವಿಚಾರಿಸಿದಾಗ 14 ಬಾಡಿಗೆಯವು ಎಂದು ತಿಳಿದರೆ, ಪ್ರಮಾಣ ಶೇ. 35 ಎಂದಾಗುತ್ತದೆ, ಆದರೆ ಸಂಖ್ಯಾಶಾಸ್ತ್ರದ ಪ್ರಕಾರ ಅದು ಹೆಚ್ಚುಕಡಿಮೆ 12 ಅಂಶ ಅತ್ತಿತ್ತ ಇರಬಹುದು, ಅಂದರೆ ಶೇ. 23ರಿಂದ 47ರವರೆಗೆ. ‘ಮೂರರಲ್ಲೊಂದು ಬಾಡಿಗೆ’ ಎನ್ನಲು ಇಷ್ಟು ಸಾಕು, ದಶಾಂಶದವರೆಗೆ ಹೇಳಲು ಸಾಲದು.

ವಿಚಾರಿಸುವುದೆಂದರೆ ನೇರವಾಗಿ ಬಾಗಿಲು ತಟ್ಟಿ ‘ನಿಮ್ಮದು ಸ್ವಂತ ಮನೆಯೇ?’ ಎಂದು ಕೇಳುವುದಲ್ಲ; ಅದು ಅಪರಿಚಿತರಿಗೆ ಶೋಭಿಸುವುದಿಲ್ಲ, ಉತ್ತರವೂ ಸರಿಯಾಗಿ ಬರುವುದಿಲ್ಲ. ಓಣಿಯ ಮೂಲೆಯ ಕಿರಾಣಿ ಅಂಗಡಿಯವರು, ಹಾಲಿನವರು, ಪೇಪರ್ ಹಾಕುವವರು, ಗ್ಯಾಸ್ ಸಿಲಿಂಡರ್ ತರುವವರು ಯಾವ ಮನೆ ಯಾರದ್ದೆಂದು ಬಲ್ಲರು. ಮನೆ ನೋಡಲು ಬಂದವರು ಎಂದು ಮುಚ್ಚುಮರೆಯಿಲ್ಲದೆ ಹೇಳಿ ಕೇಳಿದರೆ ಬಹುತೇಕರು ಸಹಕರಿಸುತ್ತಾರೆ. ಹೆಸರು, ಫೋನ್ ನಂಬರು ಏನನ್ನೂ ಬರೆದುಕೊಳ್ಳಬೇಡಿ. ಮನೆಯ ಗುರುತು, ಎದುರಿಗೆ ‘ಸ್ವಂತ’, ‘ಬಾಡಿಗೆ’, ‘ಖಾಲಿ’ ಎಂಬ ಒಂದು ಪದ ಸಾಕು. ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ನಂಬಬಹುದು. ದಲ್ಲಾಳಿಗಳ ಮಾತನ್ನು ಮಾತ್ರ ಅರ್ಧಕ್ಕೆ ಹಿಡಿಯಿರಿ: ಬಾಡಿಗೆ ಆದಾಯದ ಆಸೆ ತೋರಿಸುವಾಗ ಅವರಿಗೆ ಇಡೀ ಓಣಿಯೇ ಬಾಡಿಗೆಯದು, ಪ್ರಶಾಂತ ವಾತಾವರಣದ ಆಸೆ ತೋರಿಸುವಾಗ ಎಲ್ಲರೂ ಮಾಲೀಕರೇ.

ಕಾರವಾರಕ್ಕೇ ವಿಶೇಷವಾದ ಕೆಲವು ಸಂಗತಿಗಳು ಈ ಲೆಕ್ಕವನ್ನು ಅಲುಗಿಸುತ್ತವೆ. ಇದು ಜಿಲ್ಲಾ ಕೇಂದ್ರ. ಅರ್ಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ, ಊರೊಳಗೆ ವೈದ್ಯಕೀಯ ಕಾಲೇಜು ಇವೆ. ನೌಕಾಪಡೆಯವರಿಗೂ ಕೈಗಾದವರಿಗೂ ತಮ್ಮದೇ ವಸತಿಗೃಹಗಳಿದ್ದರೂ, ಗುತ್ತಿಗೆ ಕೆಲಸದವರು, ಬ್ಯಾಂಕಿನವರು, ಸರ್ಕಾರಿ ನೌಕರರು ಊರಿನ ಮನೆಗಳನ್ನೇ ಹುಡುಕುತ್ತಾರೆ. ವರ್ಗಾವಣೆ ಮತ್ತು ಶಾಲೆಯ ಆರಂಭ ಒಟ್ಟಿಗೆ ಬರುವ ಮೇ, ಜೂನ್ ತಿಂಗಳುಗಳಲ್ಲಿ ಖಾಲಿ ಮನೆಗಳು ತುಂಬುತ್ತವೆ, ತುಂಬಿದವು ಖಾಲಿಯಾಗುತ್ತವೆ; ಆ ಅವಧಿಯಲ್ಲಿ ಎಣಿಸದೆ ಮಳೆಗಾಲ ಕಳೆದ ಮೇಲೆ ಎಣಿಸುವುದು ಲೇಸು. ಸರ್ಕಾರಿ ಕ್ವಾರ್ಟರ್ಸ್‌ಗಳನ್ನು ಸ್ವಂತಕ್ಕೂ ಬಾಡಿಗೆಗೂ ಸೇರಿಸದೆ ಬೇರೆಯಾಗಿಯೇ ಬರೆದುಕೊಳ್ಳಿ. ಗೋವಾದಲ್ಲೋ ಮುಂಬೈಯಲ್ಲೋ ನೌಕರಿಯಲ್ಲಿದ್ದು ಗಣೇಶ ಚೌತಿಗಷ್ಟೇ ಬಂದು ಬಾಗಿಲು ತೆರೆಯುವ ಕುಟುಂಬಗಳ ಮನೆಗಳೂ ಇಲ್ಲಿ ಇವೆ. ಅವನ್ನು ಬಾಡಿಗೆ ಎಂದೂ ಎಣಿಸಬಾರದು, ಮಾಲೀಕರು ವಾಸವಿರುವ ಮನೆ ಎಂದೂ ಎಣಿಸಬಾರದು. ಗೋಕರ್ಣದ ಕಡೆ ಇದೇ ಕೆಲಸ ಮಾಡುವವರು ಹೋಂಸ್ಟೇಗಳಿಗೆ ಇನ್ನೊಂದು ಕಾಲಂ ಹಾಕಿಕೊಳ್ಳಬೇಕಾಗುತ್ತದೆ.

ಬಾಡಿಗೆ ಮನೆಗಳು ಹೆಚ್ಚಿದ್ದರೆ ಆ ಓಣಿ ಕೊಳ್ಳಲು ಯೋಗ್ಯವಲ್ಲ ಎಂಬ ಅಭಿಪ್ರಾಯ ತಮ್ಮ ಪ್ರಶ್ನೆಯ ಹಿಂದೆ ಇದ್ದಂತಿದೆ. ನಾನು ಅದನ್ನು ಒಪ್ಪುವುದಿಲ್ಲ. ಮಾಲೀಕ ಕೆಳಗೇ ಇದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟ ಕಟ್ಟಡಗಳಿಗೂ, ಮಾಲೀಕ ಬೇರೆ ಊರಿನಲ್ಲಿದ್ದು ಪೂರ್ತಿ ಬಾಡಿಗೆಗೆ ಬಿಟ್ಟ ಕಟ್ಟಡಗಳಿಗೂ ಬಹಳ ವ್ಯತ್ಯಾಸವಿದೆ. ಬಾವಿಕಟ್ಟೆ, ಚರಂಡಿ, ಕಾಂಪೌಂಡುಗಳ ಸ್ಥಿತಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಆದ್ದರಿಂದ ‘ಬಾಡಿಗೆ’ ಎಂದು ಬರೆದ ಪ್ರತಿ ಮನೆಯ ಪಕ್ಕದಲ್ಲಿ ಅದೇ ಆವರಣದಲ್ಲಿ ಮಾಲೀಕರಿದ್ದಾರೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಮುಂದೆ ತಾವೇ ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ, ಬಾಡಿಗೆ ಮನೆಗಳ ಪ್ರಮಾಣಕ್ಕಿಂತ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ಒಂದೇ ಗೇಟಿನ ಮೇಲೆ ಎಷ್ಟು ತಿಂಗಳು ನೇತಾಡುತ್ತದೆ ಎಂಬುದು ಹೆಚ್ಚು ಮುಖ್ಯ.

ಒಂದು ವೇಳೆ ಕಾಜುಬಾಗ ಬಿಟ್ಟು ಶಿರವಾಡದ ಕಡೆಗೋ, ಕಾಳಿ ಸೇತುವೆ ದಾಟಿ ಚಿತ್ತಾಕುಲದ ಕಡೆಗೋ ಮನೆ ನೋಡುವುದಾದರೆ ಅವು ಗ್ರಾಮ ಪಂಚಾಯತಿಗಳು. ಅಲ್ಲಿ ನಗರಸಭೆಯ ಬದಲು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಗೆ ಅರ್ಜಿ ಕೊಡಬೇಕು, ಮತ್ತು ಆಸ್ತಿಗಳು ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಹಾಗೂ 11ರ ಮೂಲಕ ದಾಖಲಾಗಿರುತ್ತವೆ. ಮೀಟರು ಎಣಿಸುವ, ಮೂರಕ್ಕೊಂದು ಮನೆ ವಿಚಾರಿಸುವ ಕ್ರಮದಲ್ಲಿ ಬದಲಾವಣೆಯೇನೂ ಇಲ್ಲ.