ಆರೇ ಜನರ ಊರಲ್ಲಿ ಬೂತ್ ನಡೆಸುವವರು ಯಾರು?

ಪ್ರಶ್ನೆ: ಅಮೆರಿಕದ ಡಿಕ್ಸ್‌ವಿಲ್ ನಾಚ್‌ನಲ್ಲಿ 2024ರಲ್ಲಿ ಆರು ಜನ ನಡುರಾತ್ರಿ ವೋಟು ಹಾಕಿದ್ದನ್ನು ಟಿವಿಯಲ್ಲಿ ನೋಡಿದೆ. ಆ ಊರಿಗೆ ಪಂಚಾಯಿತಿಯಂಥದ್ದೇ ಇಲ್ಲವಂತೆ. ಹಾಗಾದರೆ ಚುನಾವಣಾ ಸಿಬ್ಬಂದಿ ಎಲ್ಲಿಂದ ಬರುತ್ತಾರೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಲ್ಲಿಂದಲೂ ಬರುವುದಿಲ್ಲ. ವೋಟು ಹಾಕುವವರೇ ಸಿಬ್ಬಂದಿ!

ಡಿಕ್ಸ್‌ವಿಲ್ ಇರುವುದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಅದಕ್ಕೆ ಸ್ವಂತ ಸ್ಥಳೀಯ ಸರ್ಕಾರವಿಲ್ಲ, ಆಡಳಿತವೆಲ್ಲ ಕೌಂಟಿಯದು, ಅಂದರೆ ನಮ್ಮ ಜಿಲ್ಲೆಯಂಥ ಘಟಕದ್ದು. ಆದರೆ ಇಂಥ ಊರಿನವರೂ ಮತದಾನದ ಮಟ್ಟಿಗೆ ಮಾತ್ರ ಸಂಘಟಿತರಾಗಬಹುದು ಎನ್ನುತ್ತದೆ ಅಲ್ಲಿನ ಕಾನೂನು. ಮತದಾನ ನಡೆಸಿಕೊಡಲು ಒಬ್ಬ ಮಾಡರೇಟರ್, ದಾಖಲೆಗೆ ಒಬ್ಬ ಕ್ಲರ್ಕ್, ಮತದಾರರ ಪಟ್ಟಿ ನೋಡಿಕೊಳ್ಳಲು ಇನ್ನಷ್ಟು ಜನ. ಎಲ್ಲರೂ ಆ ಊರಿನವರೇ ಆಗಬೇಕು.

ತಾಪತ್ರಯ ಇರುವುದೇ ಇಲ್ಲಿ. ಈ ಹುದ್ದೆಗಳು ತುಂಬಲು ಕಡಿಮೆಯೆಂದರೂ ಐದು ಜನ ಬೇಕು. 2019ರ ಹೊತ್ತಿಗೆ ಉಳಿದಿದ್ದವರು ನಾಲ್ಕೇ ಜನ. ಊರಿನ ದೊಡ್ಡ ಹೋಟೆಲ್ 2011ರಲ್ಲೇ ಮುಚ್ಚಿತ್ತು, ಕೆಲಸಗಾರರೂ ಹೋಗಿದ್ದರು. 1960ರಿಂದ ಬಂದ ನಡುರಾತ್ರಿಯ ಮತದಾನ ನಿಂತೇ ಹೋಗುತ್ತದೆ ಅನ್ನುವಾಗ, ಆ ಹೋಟೆಲನ್ನು ಮತ್ತೆ ತೆರೆಯಲು ಹೊರಟಿದ್ದ ಉದ್ಯಮಿಯೇ ಅಲ್ಲಿಗೆ ವಾಸ ಬದಲಿಸಿದರು. ಲೆಕ್ಕ ಐದಾಯಿತು!

ನಮ್ಮಲ್ಲಿ ಇದು ಪೂರ್ತಿ ಉಲ್ಟಾ. 2024ರಲ್ಲಿ ಅರುಣಾಚಲದ ಮಾಲೊಗಾಮ್‌ನಲ್ಲಿದ್ದ ಒಬ್ಬರೇ ಮತದಾರರಿಗಾಗಿ ಸಿಬ್ಬಂದಿ ಸುಮಾರು 40 ಕಿ.ಮೀ. ಗುಡ್ಡಗಾಡು ನಡೆದು ಹೋದರು. ಆ ಮಹಿಳೆ ಸುಮ್ನೆ ಬಂದು ವೋಟು ಹಾಕಿದರೆ ಸಾಕಿತ್ತು. ನನಗಂತೂ ನಮ್ಮ ಪದ್ಧತಿಯೇ ಸರಿ ಅನ್ನಿಸುತ್ತದೆ. ಜನ ಕಡಿಮೆಯಾದರೆಂದು ಬೂತ್ ಯಾಕೆ ಮುಚ್ಚಬೇಕು?

ಇನ್ನು ನಡುರಾತ್ರಿಯ ವಿಷಯ. ಪಟ್ಟಿಯಲ್ಲಿರುವ ಎಲ್ಲರ ವೋಟೂ ಬಿದ್ದರೆ ಬೂತ್ ಮುಚ್ಚಿ ಆಗಲೇ ಎಣಿಸಬಹುದು. 2024ರಲ್ಲಿ ಅಕಾರ್ಡಿಯನ್‌ನಲ್ಲಿ ರಾಷ್ಟ್ರಗೀತೆ ನುಡಿಸಿ ಶುರು ಮಾಡಿದರು. ಕೆಲವೇ ನಿಮಿಷಗಳಲ್ಲಿ ಫಲಿತಾಂಶವೂ ಬಂತು: ಹ್ಯಾರಿಸ್ 3, ಟ್ರಂಪ್ 3.

ಗುಪ್ತ ಮತದಾನದ ಕತೆ ಏನು ಅಂತೀರಾ? ಆ ಆರು ಜನರಲ್ಲಿ ನಾಲ್ವರು ಮತದಾರರ ಪಟ್ಟಿಯಲ್ಲಿ ಟ್ರಂಪ್‌ರ ರಿಪಬ್ಲಿಕನ್ ಪಕ್ಷದವರು ಎಂದು ನೋಂದಾಯಿಸಿಕೊಂಡವರು. ಟ್ರಂಪ್‌ಗೆ ಬಿದ್ದಿದ್ದು ಮೂರೇ. ಅಂದರೆ ಒಬ್ಬರಾದರೂ ಪಕ್ಷ ಬಿಟ್ಟು ಆಚೆ ಹಾಕಿದ್ದಾರೆ, ಅಲ್ವಾ? 2020ರಲ್ಲಂತೂ ಐದಕ್ಕೆ ಐದೂ ಬೈಡನ್‌ಗೇ ಬಿದ್ದಿದ್ದವು. ಅಲ್ಲಿ ಮುಚ್ಚಿಡಲು ಏನೂ ಉಳಿದಿರಲಿಲ್ಲ.