ಪಂಚಾಯ್ತಿಯಲ್ಲಿ ಬಿಟ್ಟದ್ದು ಕೋರ್ಟಿನಲ್ಲಿ ಬಿಟ್ಟಂತಲ್ಲ

ವಕೀಲರನ್ನು ಕೇಳಿ – ಹಾಸನದಿಂದ

ಪ್ರಶ್ನೆ: ಮೇಡಂ, ನಾವು ಒಕ್ಕಲಿಗರು. ಮದುವೆಯಾಗಿ ಏಳು ವರ್ಷ. ಮೂರು ವರ್ಷದಿಂದ ಮಗಳ ಜೊತೆ ತವರಲ್ಲಿದ್ದೇನೆ. ಹೋದ ವರ್ಷ ಎರಡೂ ಕಡೆ ಹಿರಿಯರು ಕೂತು ಬಾಂಡ್ ಪೇಪರಿನಲ್ಲಿ ಬಿಡುಗಡೆ ಪತ್ರ ಬರೆಸಿದರು. ಎರಡು ಲಕ್ಷ ಕೊಟ್ಟರು. ಈಗ ಅವರು ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ನನಗೂ ಒಂದು ಸಂಬಂಧ ಬಂದಿದೆ. ಒಪ್ಪಿಕೊಳ್ಳಬಹುದಾ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಈಗಲೇ ಬೇಡ ತಾಯಿ. ಅವರೂ ಮದುವೆಯಾಗುವಂತಿಲ್ಲ.

ನೀವು ಕಳಿಸಿದ ಜೆರಾಕ್ಸ್ ನೋಡಿದೆ. ಇಂಥವು ನನ್ನ ಬೀರುವಿನಲ್ಲಿ ಒಂದು ಕಟ್ಟೇ ಇದೆ. ಎಲ್ಲದರಲ್ಲೂ ಅದೇ ಒಕ್ಕಣೆ: ‘ಇನ್ನು ಮುಂದೆ ಒಬ್ಬರ ತಂಟೆಗೆ ಒಬ್ಬರು ಬರತಕ್ಕದ್ದಲ್ಲ.’ ಕೆಳಗೆ ನೋಟರಿಯ ದುಂಡು ಮೊಹರು, ಐದು ಜನ ಸಾಕ್ಷಿ, ಅವರಲ್ಲೊಬ್ಬರು ತೋಟದ ರೈಟರು. ಗಂಡಸರ ಸಹಿಗಳೆಲ್ಲ ನೆಟ್ಟಗಿವೆ, ನಿಮ್ಮದು ಮಾತ್ರ ಕಾಗದದ ಅಂಚಿಗೆ ಸರಿದಿದೆ. ಓದಲು ಕೊಟ್ಟಿದ್ದರಾ, ಇಲ್ಲಿ ಹಾಕಮ್ಮ ಎಂದು ಬೆರಳು ತೋರಿಸಿದರಾ?

ಸಹಿ ಹಾಕಿದವರು ಇವರೇ ಎನ್ನುವುದಕ್ಕೆ ಆ ಮೊಹರು ಸಾಕ್ಷಿಯಾದೀತು, ಅದರಾಚೆ ಏನೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟ ಮದುವೆ ಮುರಿಯಲು ಕೋರ್ಟಿನ ಡಿಕ್ರಿಯೇ ಬೇಕು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರೂ ಇದೇ ಕಾಯ್ದೆಗೆ ಸೇರುತ್ತಾರೆ. ರೂಢಿಯಿಂದ ಬಂದ ಬಿಡುಗಡೆಗೆ 29ನೇ ಕಲಂ ಒಂದು ಕಿಂಡಿ ಬಿಟ್ಟಿದೆ, ನಿಜ. ಉತ್ತರ ಕರ್ನಾಟಕದ ಕಡೆ ಬಿಡುಗಡೆ ಚೀಟಿಗೆ ಸೋಡಚೀಟಿ ಎನ್ನುತ್ತಾರಲ್ಲ, ಅಂಥದ್ದು. ಆದರೆ ನಮ್ಮ ಜಾತಿಯಲ್ಲಿ ಈ ಪದ್ಧತಿ ತಲೆತಲಾಂತರದಿಂದ ನಡೆದು ಬಂದಿದೆ ಎಂದು ಸಾಕ್ಷಿ ಹಾಕಿ ರುಜುವಾತು ಮಾಡಬೇಕು. ‘ನಮ್ಮೂರಲ್ಲಿ ಹಿಂಗೇ ಮಾಡೋದು’ ಎಂಬ ಯಜಮಾನರ ಮಾತು ಕಟಕಟೆಯಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ.

ಈ ಕಾಗದ ನಂಬಿ ನಿಮ್ಮವರು ತಾಳಿ ಕಟ್ಟಿದರೆ ಅದು ದ್ವಿಪತ್ನಿತ್ವ, ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ನೀವು ಕಟ್ಟಿಸಿಕೊಂಡರೂ ಅಷ್ಟೇ.

ದಾರಿ ಸುಲಭವೇ ಇದೆ. ಇಬ್ಬರಿಗೂ ಬೇಡವಾಗಿರುವುದರಿಂದ ಅದೇ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿ. ಒಂದು ವರ್ಷ ಬೇರೆ ಇದ್ದಿರಬೇಕು, ನೀವು ಮೂರು ವರ್ಷ ಇದ್ದೀರಿ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಿಸುತ್ತಾರೆ. ಆದರೆ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿ ಸಾಧ್ಯವಾಗದೆ, ಜೀವನಾಂಶ, ಮಗುವಿನ ವಿಚಾರ ಇತ್ಯರ್ಥವಾಗಿದ್ದರೆ ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೊಂದು ಪ್ರತ್ಯೇಕ ಅರ್ಜಿ ಹಾಕಿಸಿ.

ಬಾಂಡ್ ಪೇಪರನ್ನು ಹರಿದು ಹಾಕಬೇಡಿ. ಎಂದಿನಿಂದ ಬೇರೆ ಇದ್ದೀರಿ ಎಂಬುದಕ್ಕೆ ಅದೂ ಒಂದು ದಾಖಲೆ. ಅದರ ನಾಲ್ಕನೇ ಕಂಡಿಕೆ ಓದಿ ಮಾತ್ರ ಸಿಟ್ಟು ಬಂತು: ‘ಮಗುವಿನ ಖರ್ಚಿಗೆ ಮುಂದೆ ಏನೂ ಕೇಳುವುದಿಲ್ಲ.’ ಮಗಳ ಅನ್ನದ ಹಕ್ಕನ್ನು ಬರೆದು ಕೊಡಲು ತಾಯಿಗೂ ಬರುವುದಿಲ್ಲ. ಅವಳ ಪರವಾಗಿ ಇವತ್ತೇ ಕೇಳಬಹುದು. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಪ್ರಶ್ನೆ: ನನ್ನ ಗಂಡ ಬೆಂಗಳೂರಿನಲ್ಲಿ ಡ್ರೈವರ್. ಎರಡೂವರೆ ವರ್ಷದಿಂದ ಒಂದು ರೂಪಾಯಿ ಕಳಿಸಿಲ್ಲ. ಈಗ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿ ಮೂರು ಸಲ ತಲಾಖ್ ಎಂದಿದ್ದಾರೆ. ಎಲ್ಲ ಮುಗಿಯಿತು, ಮಹರ್ (ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ತಗೊಂಡು ಸುಮ್ಮನಿರು ಎನ್ನುತ್ತಾರೆ ಅತ್ತೆ. ನನಗೂ ಅವರ ಜೊತೆ ಬಾಳಲು ಇಷ್ಟವಿಲ್ಲ. ಆದರೆ ಹೀಗಾ?
– ಒಬ್ಬ ಸಹೋದರಿ, ಚಿಕ್ಕಮಗಳೂರು

ಉತ್ತರ: ‘ಆದರೆ ಹೀಗಾ’ ಎಂದಿರಲ್ಲ, ಅಲ್ಲೇ ಹಿಡಿಯೋಣ. ಏನೂ ಮುಗಿದಿಲ್ಲ. ಒಂದೇ ಉಸಿರಿಗೆ ಹೇಳುವ ಮೂರು ತಲಾಖನ್ನು 2017ರ ಆಗಸ್ಟ್ 22ರಂದು ಶಾಯರಾ ಬಾನು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2019ರ ಕಾಯ್ದೆ ಅದನ್ನು ಅಪರಾಧವನ್ನಾಗಿ ಮಾಡಿತು, ಮೂರು ವರ್ಷದವರೆಗೆ ಜೈಲು. ಬಾಯಲ್ಲಿ ಹೇಳಲಿ, ಬರೆದು ಕೊಡಲಿ, ಮೊಬೈಲ್‌ನಲ್ಲಿ ಕಳಿಸಲಿ, ವ್ಯತ್ಯಾಸವಿಲ್ಲ. ದೂರನ್ನು ನೀವು ಕೊಡಬೇಕು, ಇಲ್ಲವೇ ನಿಮ್ಮ ರಕ್ತಸಂಬಂಧಿಗಳೋ ಮದುವೆಯಿಂದಾದ ನೆಂಟರೋ ಕೊಡಬೇಕು. ಆ ಮೆಸೇಜನ್ನು ಅಳಿಸಬೇಡಿ, ಫೋನನ್ನೂ ಬದಲಿಸಬೇಡಿ.

ದೂರು ಕೊಡುವುದು ಬಿಡುವುದು ನಿಮ್ಮ ಇಷ್ಟ. ಅವರನ್ನು ಜೈಲಿಗೆ ಕಳಿಸಿದರೆ ನಿಮಗೆ ಬಿಡುಗಡೆ ಸಿಗುವುದಿಲ್ಲ, ಅದು ಬೇರೆಯೇ ಕೆಲಸ. ಇಬ್ಬರಿಗೂ ಬೇಡವೆಂದಾದರೆ ಮುಬಾರತ್: ಒಪ್ಪಂದ ಬರೆದುಕೊಂಡು ಬೇರೆಯಾಗಬಹುದು. ಸಕಲೇಶಪುರದ ಆ ತಾಯಿಗೆ ಕಾಗದ ನಡೆಯುವುದಿಲ್ಲ ಎಂದವಳು ನಿಮಗೆ ನಡೆಯುತ್ತದೆ ಎನ್ನುತ್ತಿದ್ದೇನೆ! ಕಾನೂನೇ ಹಾಗಿದೆ. ಶರಿಯತ್ ಪ್ರಕಾರ ನಿಕಾಹ್ ಒಂದು ಕರಾರು, ಮಾಡಿಕೊಂಡವರೇ ಅದನ್ನು ಬಿಡಿಸಿಕೊಳ್ಳಬಹುದು. ಆದರೂ ಆಮೇಲೆ ಕೌಟುಂಬಿಕ ನ್ಯಾಯಾಲಯದಿಂದ ಒಂದು ಘೋಷಣೆ ಪಡೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿನಿಂದ ಹಿಡಿದು ಮರುಮದುವೆಯವರೆಗೆ ಎಲ್ಲರೂ ಕಾಗದ ಕೇಳುತ್ತಾರೆ.

ನೀವಾಗಿ ಕೇಳಿ ಪಡೆಯುವುದು ಖುಲಾ. ಅದರಲ್ಲಿ ಸಾಮಾನ್ಯವಾಗಿ ಮಹರ್ ಬಿಟ್ಟುಕೊಡಬೇಕಾಗುತ್ತದೆ. ಜಮಾತ್‌ನವರು ಮೊದಲು ಅದನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ, ಬಿಡಬೇಡಿ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ ಅದೊಂದೇ ಕಾರಣ ಸಾಕು, ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯಬಹುದು. ನಿಮ್ಮದು ಎರಡೂವರೆ ವರ್ಷ. ಬ್ಯಾಂಕ್ ಪಾಸ್‌ಬುಕ್ ತನ್ನಿ. ಅವರ ಕಡೆಯಿಂದ ಒಂದೂ ಜಮಾ ಇಲ್ಲದ ಆ ಪುಟಗಳನ್ನು ಜಡ್ಜ್ ನೋಡಲಿ. ಈ ದಾರಿಯಲ್ಲಿ ಮಹರ್ ನಿಮ್ಮ ಹಕ್ಕಾಗಿಯೇ ಉಳಿಯುತ್ತದೆ.

ಇದ್ದತ್, ಅಂದರೆ ತಲಾಖ್ ಆದ ಮೇಲೆ ಹೆಂಡತಿ ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿ, ಮುಗಿದ ಮೇಲೆ ಏನೂ ಸಿಗದು ಎಂದು ಯಾರಾದರೂ ಹೆದರಿಸಿಯಾರು. ಜೀವನಾಂಶದ ಸಾಮಾನ್ಯ ಕಾನೂನು, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಮುಸ್ಲಿಂ ಹೆಂಗಸರಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಮತ್ತೆ ಖಚಿತಪಡಿಸಿದೆ. ಆ ಅರ್ಜಿಯನ್ನು ನೀವಿರುವ ಚಿಕ್ಕಮಗಳೂರಿನಲ್ಲೇ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಪ್ರಶ್ನೆ: ನಾನು ಹಿಂದೂ, ಹೆಂಡತಿ ಕ್ರಿಶ್ಚಿಯನ್. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆವು. ಈಗ ಬೇರೆಯಾಗಬೇಕು. ಯಾರ ಧರ್ಮದ ಕಾನೂನು?
– ಓದುಗ, ಬೇಲೂರು

ಉತ್ತರ: ಇಬ್ಬರದೂ ಅಲ್ಲ. ಇಬ್ಬರೂ ಮತ ಬದಲಿಸದೆ ಅಲ್ಲಿ ಮದುವೆಯಾಗಿದ್ದರೆ ಅದು 1954ರ ವಿಶೇಷ ವಿವಾಹ ಕಾಯ್ದೆ. ಒಪ್ಪಿಗೆಯಿದ್ದರೆ ಅಲ್ಲೂ ಒಂದು ವರ್ಷ ಬೇರೆ ಇದ್ದಿರಬೇಕು, ಆಮೇಲೆ ಆರು ತಿಂಗಳು. ಆದರೆ ಮೊದಲು ಪ್ರಮಾಣಪತ್ರ ತೆಗೆದು ಮೇಲಿನ ಸಾಲು ಓದಿ. ಹಿಂದೂ ಮದುವೆಗಳನ್ನೂ ಅದೇ ಆಫೀಸಿನಲ್ಲಿ ನೋಂದಾಯಿಸುತ್ತಾರೆ. ಯಾವ ಕಾಯ್ದೆಯ ಹೆಸರಿದೆ ನೋಡಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.