ತೆಂಗಿನ ಗರಿ ಕಡಿಸುವಾಗ ಅಳಿಲಿನ ಗೂಡು ಬಿತ್ತು, ಮರಿ ಇನ್ನೂ ಕಣ್ಣು ಬಿಟ್ಟಿಲ್ಲ. ಯಾವ ಹಾಲು, ಎಷ್ಟು ಕೊಡಲಿ?

ಹಾಲನ್ನು ಆಮೇಲೆ ನೋಡೋಣ. ನಾನೂ ಇದೇ ಪ್ರಶ್ನೆ ಹಿಡಿದು ಹೊರಟು ಮೊದಲ ಮರಿಯನ್ನು ಕಳೆದುಕೊಂಡವನು.

ಹಾಲು ಸರಿಯಾಗೇ ಇತ್ತು, ಮರಿ ತಣ್ಣಗಿತ್ತು. ಕೂದಲು ಬಾರದ ಮರಿ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ತಾಯಿಯ, ಒಡಹುಟ್ಟುಗಳ, ಗೂಡಿನ ನಾರಿನ ಬಿಸಿಯಲ್ಲೇ ಬದುಕುತ್ತದೆ. ಮೈ ತಣ್ಣಗಾದಾಗ ಕರುಳೂ ಮಂದವಾಗುತ್ತದೆ. ಕುಡಿಸಿದ್ದು ಅರಗದೆ ನಿಂತು ಹೊಟ್ಟೆ ಉಬ್ಬುತ್ತದೆ. ನುಂಗುವ ಶಕ್ತಿಯೂ ಕುಂದಿರುವುದರಿಂದ ಹನಿಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ನನ್ನ ಆ ಮರಿ ಸುಮ್ಮನಿದ್ದದ್ದನ್ನು ನಾನು ನೆಮ್ಮದಿ ಅಂದುಕೊಂಡಿದ್ದೆ. ತೀರಾ ತಣ್ಣಗಾದ ಮರಿಗೆ ಕೂಗಲೂ ತ್ರಾಣವಿರುವುದಿಲ್ಲ.

ಹಾಗಾಗಿ ಮೊದಲು ಬಿಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಚಪ್ಪಲಿ ಡಬ್ಬದ ಅರ್ಧಕ್ಕೆ ಮಾತ್ರ ಇಡಿ, ಸೆಕೆಯಾದರೆ ಮರಿ ಇನ್ನೊಂದು ಬದಿಗೆ ತೆವಳಲಿ. ಟರ್ಕಿ ಟವೆಲ್ ಬೇಡ, ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಮೈ ಬೆಚ್ಚಗಾಗಿ ಚೀಂಗುಡತೊಡಗಿದ ಮೇಲೆ ಡಬ್ಬವನ್ನು ಅದೇ ಮರಕ್ಕೆ, ಇರುವೆ ಹತ್ತದಂತೆ ನೆಲದಿಂದ ಎತ್ತರದಲ್ಲಿ ಕಟ್ಟಿ ದೂರ ನಿಲ್ಲಿ. ಬೆಕ್ಕನ್ನು ಒಳಗೆ ಕೂಡಿಹಾಕಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸದು ಅನ್ನುವುದು ಬರೀ ಮಾತು. ಕೂಗು ಕೇಳಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಅಳಿಲು ಹಗಲು ಓಡಾಡುವ ಪ್ರಾಣಿ, ಕತ್ತಲಾದ ಮೇಲೆ ಕಾಯುವುದು ವ್ಯರ್ಥ.

ತಾಯಿ ಬರಲೇ ಇಲ್ಲವೆಂದರೆ ವನ್ಯಜೀವಿ ರಕ್ಷಕರಿಗೆ ಕೊಡಿ. ಅಲ್ಲಿಯವರೆಗೆ ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ನಾಯಿಮರಿಗಳ ಹಾಲಿನ ಪುಡಿ ಕಲಸಿ, ಸೂಜಿ ತೆಗೆದ 1 ಎಂ.ಎಲ್. ಸಿರಿಂಜಿನಲ್ಲಿ ಹನಿಹನಿಯಾಗಿ ಕೊಡಿ. ಒಂದು ಹೊತ್ತಿಗೆ ತೂಕದ ಸುಮಾರು 5 ಶೇಕಡಾ ಸಾಕು: 20 ಗ್ರಾಂ ಮರಿಗೆ 1 ಎಂ.ಎಲ್. ಹೊಟ್ಟೆ ಕೆಳಗೆ, ತಲೆ ತುಸು ಮೇಲೆ. ಅಂಗಾತ ಮಲಗಿಸಿ ಕುಡಿಸಲೇಬಾರದು. ಮೂಗಲ್ಲಿ ಹಾಲು ಬಂದರೆ ಕೂಡಲೇ ನಿಲ್ಲಿಸಿ ಒರೆಸಿ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಬುಡ ಸವರಿ. ತಾಯಿ ನೆಕ್ಕದೆ ಎಳೆ ಮರಿ ಉಚ್ಚೆ ಹೊಯ್ಯುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಕಣ್ಣು ಬಿಟ್ಟ ಮೇಲೆ ಮರಿ ಹತ್ತುತ್ತದೆ, ಕಡಿಯುತ್ತದೆ, ಅಂಜಲು ಕಲಿಯುತ್ತದೆ. ಆಗ ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಜಿಕೆ ಕಲಿಯದ ಅಳಿಲು ಹೊರಗೆ ಬಿಟ್ಟಾಗ ಬೆಕ್ಕಿನೆದುರೂ ಓಡುವುದಿಲ್ಲ. ಬಿಸ್ಕತ್ತು, ಬರೀ ಕಡಲೆಬೀಜ ಕೊಟ್ಟು ಸಾಕಿದರಂತೂ ಸುಣ್ಣದಂಶ ಸಾಲದೆ ಹಿಂಗಾಲು ಎಳೆಯತೊಡಗುತ್ತದೆ.